ಪದಚರ್ಚೆ: 'ಆಲ್ಟರ್ನೇಟಿವ್ ರಾಕ್' ಬೋರ್ಡಿಗೆ ಕನ್ನಡದಲ್ಲಿ ಏನು ಬರೆಯೋಣ? (ಅರ್ಜೆಂಟು)

ಕಾಸರಗೋಡಿನಿಂದ:

ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ. ನಮ್ಮೂರ ವಾಚನಾಲಯದಲ್ಲಿ ಹಳೆಯ ಕ್ಯಾಸೆಟ್, ರೆಕಾರ್ಡುಗಳ ಪ್ರದರ್ಶನ ಇದೆ. ಒಬ್ಬರು ಅಮೆರಿಕದ ಆರ್.ಇ.ಎಂ. ಬ್ಯಾಂಡಿನ ಕ್ಯಾಸೆಟ್ಟುಗಳನ್ನೆಲ್ಲ ಕೊಟ್ಟಿದ್ದಾರೆ. ಪಕ್ಕದಲ್ಲಿ ನಿಲ್ಲಿಸುವ ಬೋರ್ಡು ಮೂರು ಭಾಷೆಯಲ್ಲಿ ಇರಬೇಕು. ಇಂಗ್ಲಿಷ್ ರೆಡಿ. ಮಲಯಾಳಂ ಬರೆದವರು ಎಲ್ಲ ಪದಗಳನ್ನೂ ಹಾಗ್ಹಾಗೇ ಮಲಯಾಳಂ ಲಿಪಿಗೆ ಇಳಿಸಿ ಮನೆಗೆ ಹೋದರು. ಕನ್ನಡ ನನ್ನ ತಲೆಗೆ ಬಂದಿದೆ. ನಾಳೆ ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು.

ವಿಷಯ ಇಷ್ಟು. 1980ರಲ್ಲಿ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಲ್ಲಿ ಶುರು. ಮೈಕಲ್ ಸ್ಟೈಪ್ ಹಾಡು, ಪೀಟರ್ ಬಕ್ ಗಿಟಾರ್, ಮೈಕ್ ಮಿಲ್ಸ್ ಬೇಸ್, ಬಿಲ್ ಬೆರ್ರಿ ಡ್ರಮ್ಸ್. 15 ಸ್ಟುಡಿಯೋ ಆಲ್ಬಂ. ಬೆರ್ರಿ 1997ರಲ್ಲಿ ಬಿಟ್ಟರು. ಉಳಿದ ಮೂವರು 2011ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿದರು.

'ಆಲ್ಟರ್ನೇಟಿವ್ ರಾಕ್'ಗೆ 'ಪರ್ಯಾಯ ರಾಕ್' ಆಗುತ್ತದಾ? 'ಬ್ಯಾಂಡ್', 'ಕರಿಯರ್', 'ಬ್ರೇಕಪ್' ಇವಕ್ಕೂ ಏನಾದರೂ ಹೇಳಿ. 'ವೃತ್ತಿಜೀವನ' ಅಂದರೆ ಸನ್ಮಾನಪತ್ರದ ಭಾಷೆ ಆಗುತ್ತದೆ.

ಬೆಂಗಳೂರಿನಿಂದ:

'ಪರ್ಯಾಯ' ಸಕ್ಕದದ್ದು, ಅಂದರೆ ಸಂಸ್ಕೃತದ್ದು. ಬೇಡ. ಮೊದಲು 'ರಾಕ್' ಎಲ್ಲಿಂದ ಬಂತು ನೋಡಿ. ಇದು ಬಂಡೆಯ ರಾಕ್ ಅಲ್ಲ. 'ರಾಕ್ ಅಂಡ್ ರೋಲ್'ನ ರಾಕ್. ಅಂದರೆ ಅತ್ತಿತ್ತ ಓಲಾಡುವುದು. ಈ ಅರ್ತಕ್ಕೆ ನಮ್ಮಲ್ಲಿ 'ಓಲು' ಇದ್ದೇ ಇದೆ. ಹಾಗಾಗಿ ರಾಕ್ ಎಂದರೆ 'ಓಲುಹಾಡು'. ಆಲ್ಟರ್ನೇಟಿವ್ ಎಂದರೆ 'ಬೇರೆದಾರಿ'. 'ಬೇರೆದಾರಿ ಓಲುಹಾಡು'. ಒಂದೂ ಎರವಲು ಇಲ್ಲದೆ ಕೆಲಸ ಮುಗಿಯಿತು. ನಮ್ಮ ಬಾಶೆಗೆ ಕಸುವಿದೆ. ಬಳಸುವ ದೈರ್ಯ ಬೇಕು.

ಬದಿಯಡ್ಕದಿಂದ:

'ಓಲುಹಾಡು' ತೊಟ್ಟಿಲಿಗೆ ಸರಿ. ಬೋರ್ಡಿಗೆ ಬೇಡ.

ಇನ್ನೊಂದು. ಮಹಾಪ್ರಾಣ ಕನ್ನಡಕ್ಕೆ ಬೇಡ ಅನ್ನುವ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ವಾದ ನನಗೂ ಗೊತ್ತು. ಆದರೆ 'ಅರ್ಥ'ದ ಹೊಟ್ಟೆ ಸೀಳಿದ್ದನ್ನು ತೆಗೆದು 'ಅರ್ತ' ಅಂತ ಬರೆದರೂ ಅದು ಸಂಸ್ಕೃತದ್ದೇ. ಅಷ್ಟು ಹಟ ಇದ್ದರೆ 'ತಿರುಳು' ಅನ್ನಬಹುದಿತ್ತಲ್ಲ?

ಕುಂಬಳೆಯಿಂದ:

'ಪರ್ಯಾಯ ರಾಕ್' ಖಂಡಿತಾ ಬೇಡ. ಆದರೆ ನನ್ನ ಕಾರಣ ಬೇರೆ. ಚಂದ್ರಗಿರಿ ಹೊಳೆಯಿಂದ ಬಡಗಿನವರಿಗೆ 'ಪರ್ಯಾಯ' ಎಂದ ಕೂಡಲೇ ಉಡುಪಿ ನೆನಪಾಗುತ್ತದೆ. ಎಂಟು ಮಠ, ಎರಡು ವರ್ಷಕ್ಕೊಮ್ಮೆ ಸರದಿ, ಜನವರಿಯ ಮೆರವಣಿಗೆ. 'ಪರ್ಯಾಯ ರಾಕ್' ಎಂದು ಬರೆದರೆ ಮೆರವಣಿಗೆಯಲ್ಲಿ ಗಿಟಾರ್ ಹಿಡಿದು ಹೋದವರು ಯಾರು ಅಂತ ಕೇಳುತ್ತಾರೆ.

ಪದದ ಮೂಲವನ್ನೂ ನೋಡಿ. ಪರಿ ಮತ್ತು ಅಯ, ಸುತ್ತಿ ಬರುವುದು. ಅದರಿಂದ ಸರದಿ. ನಿಘಂಟಿನಲ್ಲಿ 'ಪರ್ಯಾಯ ಪದ' ಅಂದರೆ ಅದೇ ಅರ್ಥದ ಇನ್ನೊಂದು ಪದ. ಆ ಲೆಕ್ಕದಲ್ಲಿ 'ಪರ್ಯಾಯ ರಾಕ್' ಅಂದರೆ ರಾಕ್‌ಗೇ ಇನ್ನೊಂದು ಹೆಸರು ಅಂತಾಯಿತು. ಈಗಿನ 'ಬೇರೆ ಆಯ್ಕೆ' ಎಂಬ ಅರ್ಥ ಪತ್ರಿಕೆಯವರು ಇಂಗ್ಲಿಷಿನ ಬೆನ್ನುಹತ್ತಿ ಅಂಟಿಸಿದ್ದು.

ಸೊಲ್ಲಾಪುರದಿಂದ:

ನಮ್ಮ ಕಡೆ ಉಡುಪಿ ಯಾರಿಗೂ ನೆನಪಾಗಲ್ಲ. ಮರಾಠಿಯಲ್ಲಿ 'ಪರ್ಯಾಯಿ ಮಾರ್ಗ' ಅಂತ ರಸ್ತೆ ಅಗೆದ ಕಡೆಯೆಲ್ಲ ಬೋರ್ಡು ಹಾಕಿರ್ತಾರೆ. 'ಪರ್ಯಾಯ ರಾಕ್' ಅಂದರೆ ಮುಂದೆ ರಸ್ತೆ ಬಂದ್ ಇದೆ ಅಂತ ತಿಳ್ಕೊಳ್ತೀವಿ.

ಇದಕ್ಕೆ ಹತ್ತಿರದ ಇನ್ನೊಂದು ಇಂಗ್ಲಿಷ್ ಹೆಸರು 'ಇಂಡಿ ರಾಕ್' ಅಂತ ಯಾರಾದರೂ ಹೇಳುವ ಮುಂಚೆ ಹೇಳಿಬಿಡ್ತೀನಿ. ಇಂಡಿ ನಮ್ಮ ಪಕ್ಕದ ತಾಲೂಕು, ನಿಂಬೆಹಣ್ಣಿಗೆ ಹೆಸರಾದ ಊರು. ಅದನ್ನು ಹಾಗೇ ಬಿಟ್ಟುಬಿಡಿ.

ಮಂಜೇಶ್ವರದಿಂದ:

'ಬದಲಿ ರಾಕ್' ಆಗಲ್ವಾ? ಮಲಯಾಳಂನಲ್ಲೂ 'ಬದಲ್' ಅನ್ನುತ್ತಾರೆ. ಇಲ್ಲಿ ಎರಡೂ ಕಡೆಯವರಿಗೆ ತಿಳಿಯುತ್ತದೆ.

ಬದಿಯಡ್ಕದಿಂದ:

ಮಲಯಾಳಂನ 'ಬದಲ್'ಗೆ ಆ ಗತ್ತು ಇದೆ. ರಾಜಕೀಯದಲ್ಲೂ ಬಳಸುತ್ತಾರೆ. ಕನ್ನಡದ 'ಬದಲಿ'ಗೆ ಇಲ್ಲ. ನಮ್ಮಲ್ಲಿ ಬದಲಿ ಆಟಗಾರ, ಬದಲಿ ಮೇಷ್ಟ್ರು. ಅಸಲು ಸಿಗದಾಗ ಕೂರಿಸುವ ಮನುಷ್ಯ. ಆ ಬ್ಯಾಂಡಿಗೆ ಅವಮಾನ.

ಬೆಂಗಳೂರಿನಿಂದ:

'ಬದಲಿ' ಅರಬ್ಬಿಯಿಂದ ಬಂದದ್ದು. ಅದನ್ನು ಮಲಯಾಳಂ ಮೂಲಕ ಮತ್ತೊಮ್ಮೆ ತರುವ ತೊಂದರೆ ಯಾಕೆ? ಗಡಿನಾಡಿನವರ ತೊಂದರೆಯೇ ಇದು. ಅತ್ತ ಮಲಯಾಳಂ, ಇತ್ತ ತುಳು, ನಡುವೆ ಸಿಕ್ಕಿದ್ದೆಲ್ಲ ಕನ್ನಡ.

ಮಂಜೇಶ್ವರದಿಂದ:

ಸ್ವಾಮೀ, ಸ್ವಲ್ಪ ನಿಲ್ಲಿ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿ ಕೂತು ಕನ್ನಡ ಓದುತ್ತಿದ್ದೇವೆ. ಚಂದ್ರಗಿರಿಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲೇ ಹೇಳಿತು. ಏನಾಯಿತು ಅಂತ ನಿಮಗೂ ಗೊತ್ತು. ನಮ್ಮೂರು ಬೋರ್ಡುಗಳಲ್ಲಿ 'ಮಂಜೇಶ್ವರಂ' ಆಗುತ್ತದೆ, ಕುಂಬಳೆ 'ಕುಂಬ್ಳ' ಆಗುತ್ತದೆ. ಆಗ ಕಸುವಿನ ಮಾತಾಡುವವರು ಯಾರೂ ಇಲ್ಲಿ ಕಾಣಲಿಲ್ಲ. ಗೋವಿಂದ ಪೈಗಳ ಊರಿನವರಿಗೆ ಕನ್ನಡ ಯಾವುದು ಅಂತ ಮೆಟ್ರೋದಲ್ಲಿ ಕೂತು ಹೇಳಿಕೊಡಬೇಡಿ. ಪೈಗಳು ಎಷ್ಟು ಭಾಷೆ ಕಲಿತಿದ್ದರು ಅಂತ ಒಮ್ಮೆ ತಿಳಿದುಕೊಳ್ಳಿ.

ಬೆಂಗಳೂರಿನಿಂದ:

ಪಯ್ಗಳು ಸಕ್ಕದ ಜಾಸ್ತಿ ಬಳಸಿದರು. ಅದೇ ನನ್ನ ತಕರಾರು.

ಬದಿಯಡ್ಕದಿಂದ:

'ತಕರಾರು' ಯಾವ ಹಳಗನ್ನಡ ಕಾವ್ಯದಲ್ಲಿ ಸಿಕ್ಕಿತು?

ಪೆರ್ಲದಿಂದ:

ಜಗಳ ನಡೆಯಲಿ. ನಡುವೆ ಒಂದು ಮಾತು. ಅದು ಯಾವುದಕ್ಕೆ 'ಆಲ್ಟರ್ನೇಟಿವ್' ಅಂತ ಯಾರೂ ಕೇಳಲೇ ಇಲ್ಲವಲ್ಲ?

1980ರ ದಶಕದಲ್ಲಿ ಅಮೆರಿಕದ ದೊಡ್ಡ ವಾಣಿಜ್ಯ ರೇಡಿಯೋಗಳು ಇಂಥ ಬ್ಯಾಂಡುಗಳ ಹಾಡನ್ನು ಹೆಚ್ಚಾಗಿ ಹಾಕುತ್ತಿರಲಿಲ್ಲ. ಹಾಕುತ್ತಿದ್ದದ್ದು ಕಾಲೇಜಿನ ಹುಡುಗರು ನಡೆಸುವ ಸಣ್ಣ ಸ್ಟೇಷನ್ನುಗಳು. ಹಾಗಾಗಿ ಮೊದಲು 'ಕಾಲೇಜ್ ರಾಕ್' ಎಂಬ ಹೆಸರೂ ಇತ್ತು. ಆರ್.ಇ.ಎಂ. ಬೆಳೆದದ್ದು ಅಲ್ಲಿ. 1981ರಲ್ಲಿ ಮೊದಲ ಸಿಂಗಲ್, ಹಿಬ್‌ಟೋನ್ ಎಂಬ ಪುಟ್ಟ ಕಂಪನಿಯಿಂದ. 1983ರಲ್ಲಿ ಮೊದಲ ಆಲ್ಬಂ 'ಮರ್ಮರ್'. ಹೆಸರಿಗೆ ತಕ್ಕ ಹಾಗೆ ಸ್ಟೈಪ್ ಗುಣುಗುಣು ಹಾಡುತ್ತಿದ್ದರು, ಇಂಗ್ಲಿಷಿನವರಿಗೇ ಮಾತು ತಿಳಿಯುತ್ತಿರಲಿಲ್ಲ. ಮೈಕಲ್ ಜಾಕ್ಸನ್ನರ 'ಥ್ರಿಲ್ಲರ್' ಎಲ್ಲೆಲ್ಲೂ ಕೇಳುತ್ತಿದ್ದ ವರ್ಷ ಅದು. ಆದರೂ ರೋಲಿಂಗ್ ಸ್ಟೋನ್ ಪತ್ರಿಕೆ ಆ ವರ್ಷದ ಆಲ್ಬಂ ಅಂತ 'ಮರ್ಮರ್' ಅನ್ನು ಆರಿಸಿತು.

1987ರ 'ಡಾಕ್ಯುಮೆಂಟ್' ಆಲ್ಬಮ್ಮಿನ ಮಾರಾಟ ಹತ್ತು ಲಕ್ಷ ದಾಟಿತು. 1988ರಲ್ಲಿ ಐ.ಆರ್.ಎಸ್. ಎಂಬ ಸಣ್ಣ ರೆಕಾರ್ಡು ಕಂಪನಿ ಬಿಟ್ಟು ದೊಡ್ಡ ಕಂಪನಿ ವಾರ್ನರ್ ಸೇರಿದರು. ಅದೇ ವರ್ಷ ಬಿಲ್‌ಬೋರ್ಡ್ ಪತ್ರಿಕೆ ಇಂಥ ಹಾಡುಗಳಿಗೇ ಬೇರೆ ಪಟ್ಟಿ ಶುರು ಮಾಡಿತು. ಆಗ ಅದರ ಹೆಸರು 'ಮಾಡರ್ನ್ ರಾಕ್'. 'ಆಲ್ಟರ್ನೇಟಿವ್' ಅಂತ ಬದಲಾದದ್ದು ಆಮೇಲೆ. ಅಂದರೆ ಅವರಲ್ಲೇ ಹೆಸರು ಗಟ್ಟಿ ಇರಲಿಲ್ಲ. 1991ರಲ್ಲಿ 'ಔಟ್ ಆಫ್ ಟೈಮ್' ಆಲ್ಬಂ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಮುಂದಿನ ವರ್ಷ ಅದಕ್ಕೆ ಗ್ರ್ಯಾಮಿಯಲ್ಲಿ ಆಲ್ಟರ್ನೇಟಿವ್ ವಿಭಾಗದ ಬಹುಮಾನ ಬಂತು. ನಾಡಿಗೇ ನಂಬರ್ ಒನ್ ಆದವರಿಗೆ 'ಬೇರೆ ದಾರಿಯವರು' ಅಂತ ಬಹುಮಾನ!

ನನ್ನ ಮಾತು ಇಷ್ಟೇ. 'ಆಲ್ಟರ್ನೇಟಿವ್' ಈಗ ಅಂಗಡಿಯ ಕಪಾಟಿಗೆ ಅಂಟಿಸಿದ ಚೀಟಿ. ಅರ್ಥ ಯಾವತ್ತೋ ಸವೆದು ಹೋಗಿದೆ. ಅನುವಾದ ಮಾಡಿದರೆ ಇಲ್ಲದ ಅರ್ಥ ಹುಟ್ಟುತ್ತದೆ. ಹಾಗೇ 'ಆಲ್ಟರ್ನೇಟಿವ್ ರಾಕ್' ಅಂತ ಬರೆದು, ಕೆಳಗೆ ಒಂದು ಸಾಲು ವಿವರಣೆ ಕೊಡಿ.

ಬೆಂಗಳೂರಿನಿಂದ:

ಸೋಲೊಪ್ಪಿಕೊಂಡಿರಿ.

ಪೆರ್ಲದಿಂದ:

ಆಯ್ತು.

ಕುಂಬಳೆಯಿಂದ:

ಚೀಟಿಯ ಮಾತು ಒಪ್ಪಿದೆ. ಆದರೆ ಉಳಿದ ಪದಗಳಿಗೆ ಇಂಗ್ಲಿಷಿನ ಮನೆಗೆ ಹೋಗಬೇಕಾಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಿಂದ ಬರೆಯುತ್ತಿದ್ದೇನೆ, ಯಕ್ಷಗಾನ ತಾರದೆ ಬಿಡುವುದಿಲ್ಲ.

'ಬ್ಯಾಂಡ್'ಗೆ 'ಮೇಳ' ಅನ್ನಿ. 'ಟೂರ್'ಗೆ 'ತಿರುಗಾಟ'. ನಮ್ಮವರು 'ಆ ಮೇಳದಲ್ಲಿ ಇಷ್ಟು ವರ್ಷ ತಿರುಗಾಟ ಮಾಡಿದ್ದಾರೆ' ಅನ್ನುವಾಗ ಅದು ಬರೀ ಪ್ರಯಾಣ ಅಲ್ಲ, ಕಲಾವಿದನ ಬದುಕೇ. ನಿಮ್ಮ 'ಕರಿಯರ್'ಗೂ ಅದೇ ಪದ ಆಗುತ್ತದೆ. ಐ.ಆರ್.ಎಸ್. ಬಿಟ್ಟು ವಾರ್ನರ್ ಸೇರಿದ್ದು ಬಯಲಾಟದ ಮೇಳ ಡೇರೆ ಕಟ್ಟಿ ಟಿಕೇಟು ಇಟ್ಟ ಹಾಗೆ. ಆಗ ಹಳೇ ಪ್ರೇಕ್ಷಕರು ಗೊಣಗುವುದೂ ಎರಡೂ ಕಡೆ ಒಂದೇ.

ಮಂಜೇಶ್ವರದಿಂದ:

'ಮೇಳ' ಮಾತ್ರ ಬೇಡ. ಇಲ್ಲಿ ಶಾಲಾ ಕಲೋತ್ಸವದಲ್ಲಿ 'ಬ್ಯಾಂಡ್ ಮೇಳಂ' ಅಂತ ಸ್ಪರ್ಧೆಯೇ ಇದೆ, ಚೆಂಡೆ ಮೇಳಂ ಬೇರೆ. ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮೇಳ ಅಂದರೆ ಯಜಮಾನರು, ಭಾಗವತರು, ವೇಷದ ಮೇಲುಕೆಳಗು ಎಲ್ಲ ಇದೆ. ಈ ನಾಲ್ವರು ಯಾರು ಬರೆದರೂ ಹಾಡಿಗೆ ನಾಲ್ವರ ಹೆಸರನ್ನೂ ಹಾಕುತ್ತಿದ್ದರಂತೆ. ಅದು ಯಾವ ಮೇಳದಲ್ಲಿ ಉಂಟು ಮಾರಾಯ್ರೇ? 'ಬ್ಯಾಂಡು' ಅಂತಲೇ ಇರಲಿ. 'ತಿರುಗಾಟ' ಚೆನ್ನಾಗಿದೆ.

ಬದಿಯಡ್ಕದಿಂದ:

'ತಿರುಗಾಟ'ಕ್ಕೆ ನನ್ನದೂ ಓಟು. 'ಬ್ರೇಕಪ್'ಗೆ 'ಗೆಜ್ಜೆ ಬಿಚ್ಚಿದರು' ಅಂತ ಯಾರೂ ಹೇಳಬೇಡಿ. ಪತ್ತನಾಜೆಗೆ, ಅಂದರೆ ಮಳೆಗಾಲಕ್ಕೆ ಮುಂಚೆ ಮೇಳಗಳ ತಿರುಗಾಟ ಮುಗಿಯುವ ದಿನ, ಬಿಚ್ಚಿದ ಗೆಜ್ಜೆಯನ್ನು ಮಳೆ ಮುಗಿದ ಮೇಲೆ ಮತ್ತೆ ಕಟ್ಟುತ್ತಾರೆ. 'ಮಂಗಳ ಹಾಡಿದರು' ಸರಿ.

ಪೆರ್ಲದಿಂದ:

ಅದೇ ಸರಿ. 2024ರ ಜೂನಿನಲ್ಲಿ ಹಾಡು ಬರೆಯುವವರ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ನಾಲ್ವರೂ ಒಟ್ಟಿಗೆ ನಿಂತು ಒಂದು ಹಾಡು ಹಾಡಿದರು. ಒಂದೇ ಹಾಡು. ಅದನ್ನು ಹೊಸ ತಿರುಗಾಟ ಅನ್ನಲಾಗದು. ಬೆರ್ರಿ ವಿಷಯವನ್ನೂ ಒಂದು ಸಾಲು ಹಾಕಿ. 1995ರ ಮಾರ್ಚ್ 1ರಂದು ಸ್ವಿಟ್ಜರ್‌ಲೆಂಡಿನ ಲೊಸಾನಿನಲ್ಲಿ ವೇದಿಕೆಯ ಮೇಲೇ ಅವರ ಮಿದುಳಿನ ರಕ್ತನಾಳಕ್ಕೆ ತೊಂದರೆಯಾಯಿತು. ಆಪರೇಷನ್ ಆಗಿ ಚೇತರಿಸಿಕೊಂಡರು. ಎರಡು ವರ್ಷದ ಮೇಲೆ ಬಿಟ್ಟರು, ಅದೂ ಬ್ಯಾಂಡು ಮುಂದುವರಿಯುವುದಾದರೆ ಮಾತ್ರ ಅಂತ ಷರತ್ತು ಹಾಕಿ. 'ಹೊರನಡೆದರು' ಅಂತ ಬರೆಯಬೇಡಿ, ಜಗಳ ಆಡಿದಂತೆ ಕಾಣುತ್ತದೆ. 'ನಿವೃತ್ತರಾದರು' ಸಾಕು.

ಕಾಸರಗೋಡಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಒಂದು ಬಾಕಿ ಇದೆ. ಆ 2024ರ ಹಾಡು 'ಲೂಸಿಂಗ್ ಮೈ ರಿಲಿಜನ್' ತಾನೇ? ಅದರ ಕ್ಯಾಸೆಟ್ಟೂ ಇಟ್ಟಿದ್ದೇವೆ. ಅರ್ಥ ಹೇಳುವ ಚೀಟಿಗೆ ಯಾರೋ 'ನನ್ನ ಧರ್ಮ ಕಳೆದುಕೊಳ್ಳುತ್ತಿದ್ದೇನೆ' ಅಂತ ಬರೆದುಕೊಟ್ಟಿದ್ದಾರೆ. ನಮ್ಮೂರಲ್ಲಿ ಇದನ್ನು ಗೋಡೆಗೆ ಅಂಟಿಸಬಹುದಾ?

ಪೆರ್ಲದಿಂದ:

ಅಯ್ಯೋ, ಬೇಡವೇ ಬೇಡ. ಊರಿನ ಭಯಕ್ಕಲ್ಲ, ಅರ್ಥವೇ ಅದಲ್ಲ. ಅಮೆರಿಕದ ದಕ್ಷಿಣದ ಕಡೆಯ ಆಡುಮಾತು ಅದು. ತಾಳ್ಮೆ ಕೆಡುವುದು, ಇನ್ನು ತಡೆಯಲಾರೆ ಅನ್ನುವ ಸ್ಥಿತಿ. ಹಾಡು ಇರುವುದು ಹೇಳಿಕೊಳ್ಳಲಾಗದ ಒಂದು ಕಡೆಯ ಪ್ರೀತಿಯ ಬಗ್ಗೆ. ಧರ್ಮಕ್ಕೂ ಅದಕ್ಕೂ ಸಂಬಂಧ ಇಲ್ಲ. ಬೇಕಾದರೆ ಬಕ್ ಅದರಲ್ಲಿ ಮ್ಯಾಂಡೊಲಿನ್ ನುಡಿಸಿದ್ದಾರೆ ಅಂತ ಹಾಕಿ, ಮ್ಯಾಂಡೊಲಿನ್ ನಮ್ಮವರಿಗೂ ಗೊತ್ತು.

ಕುಂಬಳೆಯಿಂದ:

'ತಲೆ ಕೆಟ್ಟುಹೋಗುತ್ತಿದೆ' ಅನ್ನಬಹುದು.

ಬದಿಯಡ್ಕದಿಂದ:

'ತಲೆ ಕೆಟ್ಟು' ಅಂದರೆ ಹುಚ್ಚು. 'ತಡೆಯಲಾರೆ' ಸಾಕು.

ಬೆಂಗಳೂರಿನಿಂದ:

'ತಡೆಯಲಾರೆ' ಚೆನ್ನಾಗಿದೆ. ಅಚ್ಚಕನ್ನಡ. ಬ್ಯಾಂಡಿನ ಹೆಸರನ್ನೂ ಹೀಗೇ ಮಾಡಬಹುದಲ್ಲ? ನಿದ್ದೆಯಲ್ಲಿ ಕಣ್ಣುಗುಡ್ಡೆ ಬಿರುಸಾಗಿ ಓಡುವುದಕ್ಕೆ ಆರ್.ಇ.ಎಂ. ಅನ್ನುತ್ತಾರೆ. 'ಕಣ್ಣೋಟ'?

ಬದಿಯಡ್ಕದಿಂದ:

ಸ್ಟೈಪ್ ಆ ಹೆಸರನ್ನು ನಿಘಂಟು ತೆರೆದು ಕಣ್ಣಿಗೆ ಬಿದ್ದದ್ದನ್ನು ಹೆಕ್ಕಿಕೊಂಡದ್ದು. ನಿಮ್ಮಷ್ಟು ಯೋಚನೆ ಅವರೂ ಮಾಡಿಲ್ಲ. ಹೆಸರಿಗೆ ಕೈ ಹಾಕಬೇಡಿ.

ಕಾಸರಗೋಡಿನಿಂದ:

ಕೊನೆಗೆ ಹೀಗೆ ಮಾಡಿದ್ದೇನೆ:

'ಆರ್.ಇ.ಎಂ. ಅಮೆರಿಕದ ಆಲ್ಟರ್ನೇಟಿವ್ ರಾಕ್ ಬ್ಯಾಂಡು. ದೊಡ್ಡ ರೇಡಿಯೋಗಳು ದೂರ ಇಟ್ಟ, ಕಾಲೇಜು ರೇಡಿಯೋಗಳು ಬೆಳೆಸಿದ ಸಂಗೀತಕ್ಕೆ ಈ ಹೆಸರು ಬಂತು. 1980ರ ಏಪ್ರಿಲಿನಲ್ಲಿ ಅಥೆನ್ಸಿನ ಒಂದು ಹಳೆಯ ಚರ್ಚಿನಲ್ಲಿ, ಹುಟ್ಟುಹಬ್ಬದ ಪಾರ್ಟಿಯೊಂದರಲ್ಲಿ, ಇವರ ಮೊದಲ ಕಾರ್ಯಕ್ರಮ. ಡ್ರಮ್ಮರ್ ಬಿಲ್ ಬೆರ್ರಿ 1997ರಲ್ಲಿ ನಿವೃತ್ತರಾದರು. 31 ವರ್ಷದ ತಿರುಗಾಟದ ನಂತರ 2011ರಲ್ಲಿ ಮಂಗಳ ಹಾಡಿದರು.'

ಇದಕ್ಕಿಂತ ಜಾಸ್ತಿ ಬೋರ್ಡಿನಲ್ಲಿ ಜಾಗ ಇಲ್ಲ.

ಬೆಂಗಳೂರಿನಿಂದ:

'ರೇಡಿಯೋ' ಯಾಕೆ? 'ಬಾನುಲಿ' ಮರೆತಿರಾ?

ಕಾಸರಗೋಡಿನಿಂದ:

ಮರೆತಿಲ್ಲ. ಫೈಲು ಪ್ರೆಸ್ಸಿಗೆ ಹೋಗಿ ಆಯಿತು. ಬಾನುಲಿಗೆ ದಯವಿಟ್ಟು ಬೇರೆ ಮೇಲ್ ಶುರು ಮಾಡಿ.