ಪಿಕಪ್ ಡೀಸೆಲ್ ಫಿಲ್ಟರ್ ಮನಿ ಮುಂದ ನಾವ ಬದಲಿ ಮಾಡಬಹುದೇನ್ರಿ?

ಬ್ಯಾಡಗಿ ಕಡಿಂದ ಕೇಳಿದ್ದು

ನಮಸ್ಕಾರ್ರಿ. 2018ರ ಪಿಕಪ್, ಕಾಮನ್ ರೈಲ್ ಎಂಜಿನ್ (ಒಂದ ಪೈಪಿನಾಗ ಭಾರಿ ಒತ್ತಡದಾಗ ಡೀಸೆಲ್ ಇಟ್ಟು ಎಲ್ಲಾ ಸಿಲಿಂಡರಿಗೂ ಕೊಡೂವಂಥದ್ದು). ಖಾಲಿ ಇದ್ದಾಗ ಛಲೋ ಓಡ್ತೈತಿ, ಮೆಣಸಿನಕಾಯಿ ಚೀಲ ಹೇರಿದ್ರ ಏರಿನಾಗ ಎಳಿಯೂದಿಲ್ಲ. ಮೀಟರಿನಾಗ ಫಿಲ್ಟರ್ ಗುರುತಿನ ದೀಪ ಹತ್ತತೈತಿ, ಆರತೈತಿ. ಹೊಸ ಫಿಲ್ಟರ್ ತಂದಿಟ್ಟೇವಿ. ನಾವ ಹಾಕಬಹುದ? ಡೀಸೆಲ್ ಪೈಪಿನಾಗ ಏರ್ ಹಿಡದು ಗಾಡಿ ಅಲ್ಲೇ ನಿಲ್ಲಬಾರ್ದು. ಬಲ್ಲವರು ಬಿಡಿಸಿ ಹೇಳ್ರಿ.

ಹುಬ್ಬಳ್ಳಿ, ಗೋಕುಲ ರೋಡ್ ಕಡಿಂದ

ಹಾಕಬಹುದ್ರಿ, ಒಂದು ತಾಸಿನ ಕೆಲಸ. ಕೆಡೂದು ಎರಡ ಜಾಗಾದಾಗ: ಬಿಚ್ಚೂ ಮುಂದ ಹೊಲಸು ಒಳಗ ಬಿಡೂದು, ಹಾಕಿದ ಮ್ಯಾಲ ಏರ್ ಪೂರಾ ತಗೀದ ಸೆಲ್ಫ್ ಹೊಡಕೋತ ಕುಂದ್ರೂದು.

ಮೊದಲ ನೀರು ಬಿಡ್ರಿ, ಆಮ್ಯಾಲ ಬದಲಿ ಮಾತು. ಫಿಲ್ಟರಿನ ತಳದಾಗ ವಾಯರ್ ಬಂದಿರೂ, ನೀರು ಗುರುತಿಸೂ ಸೆನ್ಸರ್ ಐತೆಲ್ಲ, ಅಲ್ಲೇ ಡ್ರೈನ್ ಸ್ಕ್ರೂ ಇರತೈತಿ. ಖಾಲಿ ನೀರಿನ ಬಾಟ್ಲಿ ಹಿಡದು ಒಂದು ಲೋಟದಷ್ಟು ಇಳಸ್ರಿ, ಹತ್ತು ನಿಮಿಷ ಅಲಗಾಡಿಸದ ಇಡ್ರಿ. ನೀರಿದ್ರ ತಳಕ್ಕ ಬ್ಯಾರೆ ಕುಂದರತೈತಿ, ನಡುಕ ಗೆರಿ ಹೊಡದಂಗ ಕಾಣತೈತಿ. ಕರೇ ಲೋಳಿ ಬಂದ್ರ ಟಾಕ್ಯಾಗ ನೀರು ನಿಂತು ಭಾಳ ದಿನ ಆಗೇತಿ ಅಂತ ತಿಳೀರಿ. ಬಿಸಿಲಿಗೆ ಹಿಡದಾಗ ಬೆಳ್ಳಿ ಪುಡಿಯಂಗ ಮಿಂಚಿದ್ರ ಮಾತ್ರ ಅಲ್ಲಿಗೇ ನಿಲ್ಲಸ್ರಿ. ಹೈ ಪ್ರೆಷರ್ ಪಂಪ್ ಸವೀಲಿಕ್ಕ ಹತ್ತೇತಿ, ಅದರ ಪುಡಿ ರಿಟರ್ನ್ ಪೈಪಿನಾಗ ಹಾದು ಟಾಕಿಗೆ ಬಂದು, ತಿರುಗಿ ಫಿಲ್ಟರಿಗೆ ಬರಾಕತ್ತೇತಿ. ಅದಕ್ಕ ಹೊಸ ಫಿಲ್ಟರ್ ಔಷಧ ಅಲ್ಲ.

ಇನ್ನ ಬಿಚ್ಚೂದು. ಎಂಜಿನ್ ತಣ್ಣಗಿರಬೇಕು, ಚಾವಿ ತಗದು ಹತ್ತು ನಿಮಿಷ ಆಗಿರಬೇಕು. ಫಿಲ್ಟರಿನ ತಲಿ, ಪೈಪಿನ ಬಾಯಿ ಸುತ್ತ ಬ್ರಶ್ಶಿಗೆ ಡೀಸೆಲ್ ಹಚ್ಚಿ ಮಣ್ಣು ಪೂರಾ ತೊಳದು ಒರಸ್ರಿ. ನಮ್ಮ ಕಡಿ ಎರಿ ಮಣ್ಣಿನ ಧೂಳು ಹೆಪ್ಪುಗಟ್ಟಿ ಕುಂತಿರತೈತಿ, ಒಂದು ಚೂರು ಒಳಗ ಬಿದ್ರ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೂ ಇಂಜೆಕ್ಟರಿನ ತನಕ ಹೋಗತೈತಿ. ಗ್ಯಾರೇಜಿನ ಹತ್ತಿ ವೇಸ್ಟ್ ಬ್ಯಾಡ, ಎಳಿ ಬಿಡತೈತಿ. ಹಳೇ ಕಾಟನ್ ಧೋತರದ ತುಂಡು ಛಲೋ. ಕೆಳಗ ಆಲ್ಟರ್ನೇಟರ್, ಬೆಲ್ಟ್ ಇದ್ರ ಪ್ಲಾಸ್ಟಿಕ್ ಚೀಲ ಮುಚ್ಚರಿ, ಡೀಸೆಲ್ ಬಿದ್ರ ಬೆಲ್ಟಿನ ರಬ್ಬರ್ ಉಬ್ಬತೈತಿ.

ಪೈಪಿನ ಲಾಕ್ ಪ್ಲಾಸ್ಟಿಕ್ಕಿಂದು. ಸ್ಕ್ರೂಡ್ರೈವರ್ ಹಾಕಿ ಮೀಟಿದ್ರ ಕಿವಿ ಮುರೀತೈತಿ. ಪೈಪ್ ಜರಾ ಒಳಗ ದೂಡಿ, ಲಾಕ್ ಒತ್ತಿ, ಆಮ್ಯಾಲ ಎಳೀರಿ. ಯಾವ ಪೈಪ್ ಎಲ್ಲಿತ್ತು ಅಂತ ಮೊಬೈಲಿನಾಗ ಫೋಟೋ ತಗದಿಡ್ರಿ.

ಹಳೇ ಫಿಲ್ಟರಿನ ಸೆನ್ಸರ್ ಬಿಚ್ಚಿ ಹೊಸದಕ್ಕ ಹಾಕೂದಿರತೈತಿ. ಅದರ ರಬ್ಬರ್ ರಿಂಗ್ ಹೊಸದ ಹಾಕ್ರಿ, ಕೈಯಿಂದಷ್ಟ ಬಿಗೀರಿ, ಪಾನಾ ಹಚ್ಚಿದ್ರ ತಳ ಸೀಳತೈತಿ. ತಿರುವಿ ಹಾಕೂ ಫಿಲ್ಟರ್ ಇದ್ರ ಹಳೇ ರಬ್ಬರ್ ತಲಿಗೇ ಅಂಟಿ ಉಳದೈತೇನು ಬೆರಳಾಡಿಸಿ ನೋಡ್ರಿ. ಎರಡ ರಬ್ಬರ್ ಒಂದರ ಮ್ಯಾಲೊಂದು ಕುಂತ್ರ ಎಷ್ಟು ಬಿಗದ್ರೂ ಏರ್ ಎಳೀತೈತಿ. ಹೊಸ ರಬ್ಬರಿಗೆ ಡೀಸೆಲ್ ಸವರಿ, ತಲಿಗೆ ತಾಗಿದ ಮ್ಯಾಲ ಮುಕ್ಕಾಲು ಸುತ್ತು ಕೈಯಿಂದ. ಡಬ್ಬಿ ಮ್ಯಾಲ ಬ್ಯಾರೆ ಬರದಿದ್ರ ಅದರಂಗ ಮಾಡ್ರಿ.

ರಾಣೆಬೆನ್ನೂರಿನಿಂದ

ಮ್ಯಾಲಿನವರು ಒಂದು ಬಿಟ್ಟರು. ಹೊಸ ಫಿಲ್ಟರಿಗೆ ಡೀಸೆಲ್ ತುಂಬಿ ಹಾಕಿದ್ರ ಏರಿನ ಕಾಟ ಇರೂದಿಲ್ಲ, ಒಂದ ಸೆಲ್ಫಿಗೆ ಚಾಲೂ ಆಗ್ತದ.

ಧಾರವಾಡದಿಂದ

ರಾಣೆಬೆನ್ನೂರಿನವರು ಹೇಳಿದ್ದು ಅರ್ಧ ಖರೆ. ತಿರುವಿ ಹಾಕೂ ಫಿಲ್ಟರಿನಾಗ ನಡುವಿನ ದೊಡ್ಡ ತೂತು ಸಾಮಾನ್ಯವಾಗಿ ಸೋಸಿದ ಡೀಸೆಲ್ ಹೊರಗ ಹೋಗೂ ದಾರಿ. ಅಲ್ಲಿ ಕ್ಯಾನಿನ ಡೀಸೆಲ್ ಸುರುವಿದ್ರ ಅದು ಕಾಗದ ದಾಟದ ಸೀದಾ ಪಂಪಿಗೆ ಹೋಗ್ತದ. ತುಂಬೂದ ಇದ್ರ ಸುತ್ತಲಿನ ಸಣ್ಣ ತೂತುಗಳಾಗ, ನಿಧಾನಕ್ಕ, ನಡುವಿನ ತೂತು ಮುಚ್ಚಿ ಹಿಡದು ತುಂಬಬೇಕು. ಪೈಪ್ ಸಿಗಸೂ ಎರಡು ಮೂಗಿನ ಡಬ್ಬಿ ಫಿಲ್ಟರಾದ್ರ ಬಾಣದ ಗುರುತು ನೋಡಿ ಒಳಗ ಬರೂ ಬಾಯಾಗ ಮಾತ್ರ. ಕೈಪಂಪ್ (ಕೈಯಿಂದ ಒತ್ತಿ ಫಿಲ್ಟರಿಗೆ ಡೀಸೆಲ್ ತುಂಬೂ ಸಣ್ಣ ಪಂಪ್) ಇದ್ದ ಗಾಡಿಗೆ ಈ ಉಸಾಬರಿನ ಬ್ಯಾಡ ಅನ್ನೂದು ನನ್ನ ಅಭಿಪ್ರಾಯ.

ಕೈಪಂಪ್ ಒತ್ತೂ ಮೊದಲು ಏರ್ ಹೊರಗ ಬಿಡೂ ಸ್ಕ್ರೂ ಒಂದು ಸುತ್ತು ಸಡ್ಲ ಮಾಡ್ರಿ. ಮೊದಲ ಬರೇ ಬುಸ್ ಅಂತದ, ಆಮ್ಯಾಲ ನೊರಿ ಬರ್ತದ, ಕೊನಿಗೆ ಗುಳ್ಳಿ ಇಲ್ಲದ ಡೀಸೆಲ್. ಆಗ ಸ್ಕ್ರೂ ಬಿಗದು, ಪಂಪ್ ಕಲ್ಲಿನಂಗ ಗಟ್ಟಿ ಆಗೂ ತನಕ ಒತ್ತರಿ. 30–40 ಸಲ ಒತ್ತೂದು ಸಹಜ. ಕೈಪಂಪ್ ಇಲ್ಲದ, ಟಾಕಿಯೊಳಗ ಕರೆಂಟ್ ಪಂಪ್ ಇದ್ದ ಗಾಡಿ ಆದ್ರ ಚಾವಿ ಆನ್ ಮಾಡಿ ಪಂಪಿನ ಸಪ್ಪಳ ಕೇಳಿ ಆಫ್ ಮಾಡ್ರಿ, ಹಿಂಗ 4–5 ಸಲ.

ಸೆಲ್ಫ್ ಹತ್ತು ಸೆಕೆಂಡಿನ ಮ್ಯಾಲ ಹೊಡೀಬ್ಯಾಡ್ರಿ, ನಡುವ ಒಂದು ನಿಮಿಷ ಬಿಡ್ರಿ. ಸೆಲ್ಫ್ ಮೋಟರ್ ಸುಡೂದಷ್ಟ ಅಲ್ಲ. ಹೈ ಪ್ರೆಷರ್ ಪಂಪಿಗೆ ಎಣ್ಣಿ ಬ್ಯಾರೆ ಇರೂದಿಲ್ಲ, ಡೀಸೆಲ್ಲ ಎಣ್ಣಿ. ಖಾಲಿ ತಿರುಗಿದಷ್ಟು ಅದು ಒಣ ತಿಕ್ಕಾಡ್ತದ. ಫಿಲ್ಟರಿನ ಖರ್ಚು ಉಳಸಾಕ ಹೋಗಿ ಪಂಪ್ ಕಳಕೊಳ್ಳೂದು ಹಿಂಗ.

ಲಕ್ಷ್ಮೇಶ್ವರದಿಂದ

ಇದನ್ನ ಹಳೇ ಪಿಕಪ್ ಇದ್ದವರೂ ಓದಬಹುದು, ಅದಕ್ಕ ಒಂದು ಮಾತು. ಹಳೇ ಗಾಡ್ಯಾಗ, ಟ್ರ್ಯಾಕ್ಟರಿನಂಗ, ಎರಡ ಬಟ್ಟಲ ಇರತಾವ: ಮೊದಲಿಂದು ಅರಿವಿ, ಎರಡನೇದು ಕಾಗದ. ಕಾಗದದ್ದು ತೊಳದು ಹಾಕಬಾರ್ದು. ಪೈಪಿನ ಬೋಲ್ಟಿನ ತಾಮ್ರದ ವಾಶರ್ ಹೊಸದ ಹಾಕ್ರಿ. ಏರ್ ತಗಿಯೂದು ಸಾಲಾಗಿ: ಮೊದಲ ಫಿಲ್ಟರ್ ತಲಿ ಸ್ಕ್ರೂ, ಆಮ್ಯಾಲ ಪಂಪಿನ ಸ್ಕ್ರೂ. ಅದರಾಗ ಚಾಲೂ ಆಗಲಿಲ್ಲಂದ್ರ ಇಂಜೆಕ್ಟರ್ ಪೈಪಿನ ನಟ್ ಸಡಲಸೂ ರೂಢಿ ಐತಿ. ಬ್ಯಾಡಗಿಯವರ ಗಾಡಿಗೆ ಆ ಚಾಳಿ ಖಂಡಿತ ಬ್ಯಾಡ್ರಿ. ಕಾಮನ್ ರೈಲಿನಾಗ ಒತ್ತಡ ಸಾವಿರ ಬಾರ್ ದಾಟತೈತಿ, ಅಲ್ಲಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗ ಹೋಗತೈತಿ. ಮ್ಯಾಲ ಸೂಜಿ ಚುಚ್ಚಿದಷ್ಟ ಕಾಣತೈತಿ, ಒಳಗ ಕೈ ಕೊಳೀತೈತಿ. ಹಂಗಾದ್ರ ನೋವಿಲ್ಲಂತ ಕುಂದ್ರದ ಆಗಿಂದಾಗ ದೊಡ್ಡ ಆಸ್ಪತ್ರಿಗೆ ಹೋಗಬೇಕು.

ಗದಗ, ಬಿಡಿಭಾಗದ ಅಂಗಡಿಯಿಂದ

ಫಿಲ್ಟರ್ ತರುವಾಗ ಗಾಡಿ ಹೆಸರಷ್ಟೇ ಹೇಳಿದರೆ ಸಾಲುವುದಿಲ್ಲ. ಒಂದೇ ಹೆಸರಿನ ಗಾಡಿಗೆ ಬಿಎಸ್ 3, ಬಿಎಸ್ 4, ಬಿಎಸ್ 6 (ಹೊಗೆ ನಿಯಮದ ಹಂತಗಳು) ಎಂದು ಬೇರೆ ಬೇರೆ ಫಿಲ್ಟರ್ ಇರುತ್ತವೆ. ಚಾಸಿ ನಂಬರ್ ಕೊಡಿ, ಹಳೆಯದರ ಮೇಲಿನ ಪಾರ್ಟ್ ನಂಬರ್ ಹೊಂದಿಸಿ. ಎತ್ತರ, ಮೂಗಿನ ಸಂಖ್ಯೆ, ಸೆನ್ಸರ್ ತೂತು ಮೂರೂ ನೋಡಿ. ಡುಪ್ಲಿಕೇಟ್ ಗೊತ್ತಾಗುವುದು ಥ್ರೆಡ್ಡಿನಲ್ಲಿ: ಉಗುರು ಆಡಿಸಿದರೆ ಚೂರು ತಾಗುತ್ತದೆ, ಒಳಗಿನ ಕಾಗದದ ಮಡಿಕೆ ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಬಿಡಿಬಿಡಿಯಾಗಿ ಇರುತ್ತದೆ. ಇಂಥದ್ದು ನೀರನ್ನು ಬೇರೆ ಮಾಡುವುದಿಲ್ಲ, ಹಾಗೇ ಮುಂದಕ್ಕೆ ಬಿಡುತ್ತದೆ. ಹಳೆ ಡೀಸೆಲ್ಲನ್ನು ಗಟಾರಕ್ಕೆ ಸುರಿಯಬೇಡಿ, ಡಬ್ಬಿಯಲ್ಲಿ ಹಿಡಿದು ಹಳೇ ಆಯಿಲ್ ಒಯ್ಯುವವರಿಗೆ ಕೊಡಿ.

ಬ್ಯಾಡಗಿ ಕಡಿಂದ

ನೀರು ಬಂತ್ರಿ, ಬಾಟ್ಲಿ ತಳದಾಗ ಎರಡ ಬೆರಳು. ಫಿಲ್ಟರ್ ಹಾಕೇವಿ. ಚಾಲೂ ಆಗತೈತಿ, ಒಂದು ನಿಮಿಷಕ್ಕ ಬಂದ್ ಬೀಳತೈತಿ. ಎಲ್ಲೂ ಒಂದು ಹನಿ ಸೋರಿಲ್ಲ.

ಹುಬ್ಬಳ್ಳಿ, ಗೋಕುಲ ರೋಡ್ ಕಡಿಂದ

ಸೋರಿಲ್ಲಂದ್ರ ಸೀಲ್ ಬರೋಬ್ಬರಿ ಐತಿ ಅಂತ ಅಲ್ರಿ. ನಿಮ್ಮ ಗಾಡ್ಯಾಗ ಕೈಪಂಪ್ ಇದ್ರ ಟಾಕಿಯಿಂದ ಹೈ ಪ್ರೆಷರ್ ಪಂಪಿನ ತನಕ ಡೀಸೆಲ್ ಎಳತದ ಮ್ಯಾಲ ಬರತೈತಿ. ಎಂಜಿನ್ ಓಡೂ ಮುಂದ ಸಂದು ಇದ್ದಲ್ಲಿ ಡೀಸೆಲ್ ಹೊರಗ ಬರೂದಿಲ್ಲ, ಗಾಳಿ ಒಳಗ ಹೋಗತೈತಿ. ಎಂಜಿನ್ ಬಂದ್ ಮಾಡಿ, ಎಲ್ಲಾ ಕೂಡುಜಾಗ ಒಣಾ ಒರಸಿ, ಕೈಪಂಪ್ ಗಟ್ಟಿಯಾಗಿ ಒತ್ತಿ ಹಿಡೀರಿ. ಈಗ ಒಳಗಿಂದ ಒತ್ತಡ ಬಿತ್ತು, ಸಂದು ಇದ್ದಲ್ಲಿ ಪಸಿ ಬರತೈತಿ. ಮೊದಲ ಸೆನ್ಸರಿನ ರಿಂಗ್ ನೋಡ್ರಿ, ಆಮ್ಯಾಲ ಡ್ರೈನ್ ಸ್ಕ್ರೂ, ಕಡೀಕ ಪೈಪಿನ ಲಾಕ್. ಲಾಕ್ ಟಕ್ ಅಂತ ಸಪ್ಪಳ ಮಾಡಿ ಕುಂತಿರಬೇಕು. ಕೈಪಂಪಿನಿಂದ ಮುಂದಿನ ಭಾಗದಾಗಷ್ಟ ಇದು ನಡೀತೈತಿ. ಕೈಪಂಪಿನಿಂದ ಟಾಕಿ ಕಡಿಗೆ ಸಂದೇಹ ಇದ್ರ ಆಚಿ ಕಾಣೂ ಡೀಸೆಲ್ ಪೈಪಿನ ತುಂಡು ನಡುಕ ಸೇರಿಸಿ ಓಡಸ್ರಿ, ಗುಳ್ಳಿ ಹಾದು ಹೋಗೂದು ಕಣ್ಣಿಗೆ ಕಾಣತೈತಿ.

ಎರಡ ಬೆರಳು ನೀರು ಫಿಲ್ಟರಿನಾಗ ಬಂತಂದ್ರ ಟಾಕ್ಯಾಗ ಇನ್ನೂ ಐತಿ. ತಳದ ಡ್ರೈನ್ ನಟ್ ಬಿಚ್ಚಿ ಒಂದೆರಡು ಲೀಟರ್ ಇಳಸ್ರಿ, ಮುಚ್ಚಳದ ರಬ್ಬರ್ ಒಡದೈತೇನು ನೋಡ್ರಿ. ಹೊಲದ ಬ್ಯಾರಲ್ಲಿನ ಡೀಸೆಲ್ ಹಾಕತಿದ್ರ ಪೈಪ್ ತಳಕ್ಕ ಮುಟ್ಟಸಬ್ಯಾಡ್ರಿ, ಕೊನೀ ನಾಕು ಬೆರಳು ಅಲ್ಲೇ ಬಿಡ್ರಿ. ಮಳಿಗಾಲದಾಗ ರಾತ್ರಿ ಟಾಕಿ ತುಂಬಿಸಿ ನಿಲ್ಲಸ್ರಿ, ಇಲ್ಲಾಂದ್ರ ಖಾಲಿ ಜಾಗಾದ ಗಾಳ್ಯಾಗಿನ ಪಸಿ ತಂಪಿಗೆ ನೀರಾಗಿ ಇಳೀತೈತಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ರಿಂಗ್ ಸುತ್ತ ಮತ್ತೊಮ್ಮೆ ಬೆರಳಾಡಸ್ರಿ. ಹೇರು ಹಾಕಿ ಅರಬೈಲ್ ಘಾಟ್ ಏರೂದು ಆಮ್ಯಾಲ.