ಮೂರು ಎಪಿ, ಫುಲ್ ಸಿಗ್ನಲ್, ಆದರೂ ವಿಡಿಯೋ ಕಾಲ್ ನಿಂತು ನಿಂತು ಬರುತ್ತೆ [ಬಗೆಹರಿದಿದೆ]

ಮೂರನೇಮಹಡಿ:
ನಮಸ್ಕಾರ. ಮೂರು ಮಹಡಿ, ಮಹಡಿಗೊಂದು ಆಕ್ಸೆಸ್ ಪಾಯಿಂಟ್ (ಎಪಿ, ಅಂದರೆ ವೈಫೈ ಹರಡುವ ಪೆಟ್ಟಿಗೆ). ಮೂರಕ್ಕೂ ಕೇಬಲ್ ಎಳೆದಿದ್ದೇನೆ, ಮೆಶ್ (ತಂತಿಯಿಲ್ಲದೆ ಒಂದಕ್ಕೊಂದು ಜೋಡಿಸೋದು) ಅಲ್ಲ. ಎಲ್ಲಿ ನಿಂತರೂ ಸಿಗ್ನಲ್ ಪೂರ್ತಿ ತೋರಿಸುತ್ತೆ. ಆದರೆ ಸಂಜೆ ಎಲ್ಲರೂ ಬಂದ ಮೇಲೆ ವಿಡಿಯೋ ಕಾಲ್ ನಿಂತು ನಿಂತು ಬರುತ್ತೆ. ರೂಟರ್‌ಗೆ ಪಿಂಗ್ ಕೊಟ್ಟರೆ ಉತ್ತರ ಬರೋಕೆ 4 ಮಿಲಿಸೆಕೆಂಡ್ ಇದ್ದದ್ದು ಇದ್ದಕ್ಕಿದ್ದ ಹಾಗೆ 300 ದಾಟುತ್ತೆ. ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿದರೆ ಏನೂ ತೊಂದರೆ ಇಲ್ಲ. ಒಂದೇ ಎಪಿ ಇದ್ದಾಗ ಇಷ್ಟು ಕೆಟ್ಟದಾಗಿರಲಿಲ್ಲ, ಅದೇ ಹೊಟ್ಟೆಯುರಿ.

2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 4, 8 ಅಂತ ಬೇರೆ ಬೇರೆ ಕೊಟ್ಟಿದ್ದೇನೆ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಆಟೋ, ಅಗಲ 80 ಮೆಗಾಹರ್ಟ್ಸ್. ಪವರ್ ಮೂರರಲ್ಲೂ ಹೈ. ನೆಟ್‌ವರ್ಕ್ ಹೆಸರು ನಾಲ್ಕು: ಮನೆ, ಅತಿಥಿ, ಕೆಲಸ, ಕ್ಯಾಮೆರಾ.

ಬೀಕನ್‌ಭಟ್ಟ:
ಕೇಬಲ್ ಎಳೆದಿದ್ದೀರಲ್ಲ, ಅರ್ಧ ಕೆಲಸ ಮುಗಿದ ಹಾಗೆ. ಮೊದಲು ಒಂದು ಹೇಳಿ: 5ರಲ್ಲಿ ಆಟೋ ಅಂದಿರಿ, ಮೂರೂ ಈಗ ಯಾವ ಚಾನೆಲ್‌ನಲ್ಲಿ ಕೂತಿವೆ? ಫೋನಿಗೆ ವೈಫೈ ಅನಲೈಸರ್ ಹಾಕಿಕೊಂಡು ನೋಡಿ.

ಸ್ಪೀಡ್‌ಪ್ರಿಯ:
ಪವರ್ ಇನ್ನೂ ಜಾಸ್ತಿ ಮಾಡೋಕಾಗುತ್ತಾ ನೋಡಿ. ನನಗೆ ಅದರಲ್ಲೇ ಸರಿಹೋಯ್ತು.

ಮೂರನೇಮಹಡಿ:
ನೋಡಿದೆ. ಮೂರೂ 36ರಲ್ಲೇ ಇವೆ! ಆಟೋ ಅಂದರೆ ಅವೇ ಹಂಚಿಕೊಳ್ಳುತ್ತವೆ ಅಂದುಕೊಂಡಿದ್ದೆ.

ಬೀಕನ್‌ಭಟ್ಟ:
ಕರೆಂಟ್ ಹೋಗಿ ಬಂದಿರಬೇಕು. ಮೂರೂ ಒಟ್ಟಿಗೆ ಎದ್ದು ಸುತ್ತ ನೋಡುತ್ತವೆ, ಆಗ ಯಾವುದೂ ಇನ್ನೂ ಮಾತಾಡ್ತಿರಲ್ಲ, ಹಾಗಾಗಿ ಎಲ್ಲವಕ್ಕೂ 36 ಖಾಲಿ ಅಂತ ಕಾಣುತ್ತೆ. ಎಲ್ಲವನ್ನೂ ನಡೆಸುವ ಒಂದೇ ಕಂಟ್ರೋಲರ್ ಕೆಳಗೆ ಇದ್ದರೆ ಒಂದರ ಸುದ್ದಿ ಇನ್ನೊಂದಕ್ಕೆ ತಲುಪುತ್ತೆ. ಬಿಡಿಬಿಡಿಯಾಗಿದ್ದರೆ ಆ ಹೊಂದಾಣಿಕೆ ನೀವೇ ಮಾಡಬೇಕು.

ಸಿಗ್ನಲ್ ಎಷ್ಟಿದೆ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತಾಡಬಹುದು, ಉಳಿದವರು ಕಾಯಬೇಕು. ಮೂರು ಎಪಿ ಒಂದೇ ಚಾನೆಲ್‌ನಲ್ಲಿದ್ದರೆ ಸಮಯ ಮೂರು ಪಾಲಾಗುತ್ತೆ, ವೇಗ ಮೂರು ಪಟ್ಟಾಗಲ್ಲ. ಪವರ್ ಏರಿಸಿದರೆ ಇನ್ನೂ ದೂರದವರೂ ನಿಮಗಾಗಿ ಕಾಯಬೇಕಾಗುತ್ತೆ. ಸ್ಪೀಡ್‌ಪ್ರಿಯ ಅವರೇ, ನಿಮ್ಮಲ್ಲಿ ಒಂದೇ ಎಪಿ ಇದ್ದಿರಬೇಕು, ಅದಕ್ಕೆ ನಡೆದಿದೆ.

ಇನ್ನು 2.4ರ 1, 4, 8. ಇದು ಮೂರನ್ನೂ ಒಂದೇ ಚಾನೆಲ್‌ಗೆ ಹಾಕಿದ್ದಕ್ಕಿಂತ ಕೆಟ್ಟದು. ಚಾನೆಲ್‌ಗಳ ನಡುವೆ ಅಂತರ 5 ಮೆಗಾಹರ್ಟ್ಸ್, ಸಿಗ್ನಲ್‌ನ ಅಗಲ ಸುಮಾರು 20. ಅಂದರೆ 1 ಮತ್ತು 4 ಒಂದರ ಮೇಲೊಂದು ಬಿದ್ದಿವೆ. ಒಂದೇ ಚಾನೆಲ್ ಆಗಿದ್ದರೆ ಪರಸ್ಪರರ ಮಾತಿನ ಆರಂಭ ಅರ್ಥವಾಗುತ್ತೆ, -82 ಡಿಬಿಎಂನಷ್ಟು (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಕ್ಷೀಣವಾಗಿದ್ದರೂ ಸುಮ್ಮನಾಗುತ್ತವೆ. ಅರ್ಧ ಮೇಲೆ ಬಿದ್ದಾಗ ಅದು ಬರೀ ಗದ್ದಲ. -62ರಷ್ಟು ಜೋರಾದರೆ ಮಾತ್ರ ತಡೆಯುತ್ತವೆ. ನಡುವಿನ 20 ಡಿಬಿಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಎರಡೂ ಹಾಳು, ಮತ್ತೆ ಕಳಿಸು, ಮತ್ತೆ ಕಳಿಸು. ನಿಮ್ಮ 300 ಮಿಲಿಸೆಕೆಂಡಿನಲ್ಲಿ ಇದರ ಪಾಲೂ ಇರಬಹುದು.

ಹೀಗೆ ಮಾಡಿ. 2.4ರಲ್ಲಿ 1, 6, 11, ಅಗಲ 20. 5ರಲ್ಲಿ ಅಗಲ 40ಕ್ಕೆ ಇಳಿಸಿ ಮೂರಕ್ಕೂ ಬೇರೆ ಬೇರೆ ಚಾನೆಲ್ ಕೈಯಾರೆ ಕೊಡಿ. ಸ್ಪೀಡ್ ಟೆಸ್ಟ್ ಅಂಕಿ ಇಳಿಯುತ್ತೆ, ಬೇಜಾರು ಮಾಡ್ಕೋಬೇಡಿ.

ಮೂರನೇಮಹಡಿ:
ಮಾಡಿದೆ. 5ರಲ್ಲಿ 36, 44, 100. ರಾತ್ರಿ ಪಿಂಗ್ 10ರ ಆಸುಪಾಸಿನಲ್ಲೇ ಇತ್ತು, ನಂಬೋಕಾಗ್ಲಿಲ್ಲ. ಎರಡು ತಕರಾರು ಉಳಿದಿವೆ. ಫೋನ್ ಹಿಡಿದು ಮೇಲಿಂದ ಕೆಳಗೆ ಬಂದರೂ ಅದು ಮೇಲಿನ ಎಪಿಯನ್ನೇ ಹಿಡಿದುಕೊಂಡಿರುತ್ತೆ. ಮತ್ತೆ, ಮೇಲಿನ ಎಪಿಯ 5 ಗಿಗಾಹರ್ಟ್ಸ್ ದಿನಕ್ಕೊಮ್ಮೆ ಒಂದು ನಿಮಿಷ ಮಾಯವಾಗುತ್ತೆ.

ತಂತಿಮಿತ್ರ:
ಎರಡನೆಯದಕ್ಕೆ ನಾನು ಹೇಳ್ತೀನಿ. ಲಾಗ್‌ನಲ್ಲಿ (ಎಪಿ ತಾನೇ ಬರೆದಿಡುವ ದಾಖಲೆ) ರೇಡಾರ್ ಅಂತ ಇದೆಯಾ? 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್ ಜೊತೆ ಹಂಚಿಕೊಳ್ಳಬೇಕು, ನಿಮ್ಮ 100 ಅದರಲ್ಲೇ ಬರುತ್ತೆ. ರೇಡಾರ್ ಕೇಳಿಸಿತೆಂದರೆ ಎಪಿ ತಕ್ಷಣ ಜಾಗ ಖಾಲಿ ಮಾಡಬೇಕು. ಹೋದ ಚಾನೆಲ್ ಕೂಡ ಅದೇ ಗುಂಪಿನದಾದರೆ ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟು ಕೂತು ಆಮೇಲೆ ಶುರು. ನಿಮ್ಮ ಒಂದು ನಿಮಿಷ ಅದೇ. 149 ಕೊಟ್ಟು ನೋಡಿ. ಎಲ್ಲ ದೇಶದಲ್ಲೂ ಅದು ಸಿಗಲ್ಲ, ಎಪಿಯಲ್ಲಿ ದೇಶದ ಸೆಟ್ಟಿಂಗ್ ಸರಿಯಾಗಿರಲಿ.

ಬೀಕನ್‌ಭಟ್ಟ:
ಯಾವ ಎಪಿಗೆ ಹೋಗಬೇಕು ಅಂತ ತೀರ್ಮಾನ ಮಾಡೋದು ಫೋನು, ಎಪಿ ಅಲ್ಲ. ಮೇಲಿನದು ಹೈ ಪವರ್‌ನಲ್ಲಿ ಕೂಗ್ತಾ ಇದ್ದರೆ ಫೋನ್ ಯಾಕೆ ಬಿಡುತ್ತೆ? ಅದರ ಉತ್ತರ ಮಾತ್ರ ಎಪಿಗೆ ಸರಿಯಾಗಿ ಕೇಳಿಸ್ತಿರಲ್ಲ, ಫೋನಿನ ಪವರ್ ಅಷ್ಟಿಲ್ಲ. ಹಾಗಾಗಿ ಮೂರರಲ್ಲೂ ಇಳಿಸಿ: 5ಕ್ಕೆ ಮೀಡಿಯಂ, 2.4ಕ್ಕೆ ಲೋ. ಆಮೇಲೆ 802.11ಕೆ ಮತ್ತು 802.11ವಿ ಆನ್ ಮಾಡಿ. ಪಕ್ಕದ ಎಪಿಗಳ ಪಟ್ಟಿಯನ್ನು ಫೋನಿಗೆ ಕೊಡುತ್ತವೆ, "ಅಲ್ಲಿಗೆ ಹೋಗಪ್ಪ" ಅಂತ ಸೂಚಿಸುತ್ತವೆ. ಫೋನ್ ಕೇಳಲೇಬೇಕು ಅಂತೇನಿಲ್ಲ.

ನಾಲ್ಕು ಹೆಸರು ಯಾಕೆ? ಪ್ರತಿ ಹೆಸರಿಗೂ 102.4 ಮಿಲಿಸೆಕೆಂಡಿಗೊಂದು ಬೀಕನ್, ಅಂದರೆ "ನಾನಿಲ್ಲಿದ್ದೇನೆ" ಅನ್ನೋ ಕೂಗು. 1 ಎಂಬಿಪಿಎಸ್ ದರದಲ್ಲಿ 250 ಬೈಟ್‌ನ ಬೀಕನ್ ಹೋಗೋಕೆ 2.2 ಮಿಲಿಸೆಕೆಂಡ್ ಹತ್ತಿರ ಬೇಕು. ನಾಲ್ಕಕ್ಕೆ ಸುಮಾರು ಶೇಕಡ 9ರಷ್ಟು ಸಮಯ ಬರೀ ಹೆಸರು ಕೂಗೋದರಲ್ಲೇ ಹೋಯ್ತು. ಎರಡಕ್ಕೆ ಇಳಿಸಿ, ಕನಿಷ್ಠ ದರ 6 ಎಂಬಿಪಿಎಸ್ ಮಾಡಿ.

ಸ್ಪೀಡ್‌ಪ್ರಿಯ:
ಪವರ್ ಬಗ್ಗೆ ಒಪ್ಪಿದೆ, ನನ್ನದು ಒಂದೇ ಎಪಿ. ವೈಫೈ 6ರಲ್ಲಿ ಬಣ್ಣ ಅಂತ ಏನೋ ಇದೆಯಲ್ಲ, ಅದು ಇದನ್ನೆಲ್ಲ ತಾನೇ ನೋಡಿಕೊಳ್ಳಲ್ವಾ?

ಬೀಕನ್‌ಭಟ್ಟ:
ಬಿಎಸ್‌ಎಸ್ ಕಲರಿಂಗ್. ಪ್ಯಾಕೆಟ್ ಮೇಲೆ 1ರಿಂದ 63ರೊಳಗಿನ ಒಂದು ಗುರುತು. ಬೇರೆ ಗುರುತಿನ ಮಾತು ಸಾಕಷ್ಟು ಕ್ಷೀಣವಾಗಿದ್ದರೆ ಕಾಯದೆ ಮುಂದುವರಿಯಬಹುದು. ಎರಡೂ ಕಡೆ ಹೊಸ ಸಾಧನ ಇದ್ದರಷ್ಟೇ ಲಾಭ, ಮನೆಯಲ್ಲಿ ನಾನಂತೂ ದೊಡ್ಡ ವ್ಯತ್ಯಾಸ ಕಂಡಿಲ್ಲ. ಎಪಿಗಳು ನಿಜವಾಗಿ ಮಾತಾಡಿಕೊಂಡು ಸರದಿ, ಪವರ್ ಹಂಚಿಕೊಳ್ಳುವ ವಿಧಾನಗಳ ಕೆಲಸ 802.11ಬಿಎನ್‌ನಲ್ಲಿ ನಡೀತಿದೆ, ಅದೇ ವೈಫೈ 8. ಅಲ್ಲಿವರೆಗೆ ಹಾಳೆ, ಪೆನ್ಸಿಲ್.

ಮೂರನೇಮಹಡಿ:
ನಾಲ್ಕು ದಿನ ನೋಡಿ ಬರೀತಿದ್ದೇನೆ. 149ಕ್ಕೆ ಹಾಕಿದ ಮೇಲೆ ಮಾಯವಾಗೋದು ನಿಂತಿದೆ. ಪವರ್ ಇಳಿಸಿದ ಮೇಲೆ ಫೋನ್ ಮೆಟ್ಟಿಲ ಮಧ್ಯದಲ್ಲೇ ಎಪಿ ಬದಲಾಯಿಸುತ್ತೆ, ಕಾಲ್ ಕಟ್ ಆಗಲ್ಲ. ಒಂದೇ ಒಂದು: ಕನಿಷ್ಠ ದರ 6 ಮಾಡಿದ ಕೂಡಲೇ ಹಳೇ ಪ್ರಿಂಟರ್ ವೈಫೈಯಿಂದ ಕಾಣೆಯಾಯ್ತು.

ತಂತಿಮಿತ್ರ:
802.11ಬಿ (ತೀರಾ ಹಳೇ ವೈಫೈ) ಕಾಲದ್ದಿರಬೇಕು, 6ರ ಭಾಷೆ ಅದಕ್ಕೆ ಬರಲ್ಲ. ಅದೊಂದಕ್ಕಾಗಿ ದರ ಇಳಿಸಬೇಡಿ. ಹಿಂದೆ ಲ್ಯಾನ್ ಪೋರ್ಟ್ ಇದೆಯಾ ನೋಡಿ.

ಮೂರನೇಮಹಡಿ:
ಇದೆ. ಕಂಪನಿಯವರು ಅಂಟಿಸಿದ್ದ ಸ್ಟಿಕ್ಕರ್ ಇನ್ನೂ ಅದರ ಮೇಲೇ ಇತ್ತು, ಈಗ ಕಿತ್ತೆ.