‘ಮ’ ಅಕ್ಷರ ಬಂದಿದೆ, ಮಗಳಿಗೆ ಯಾವ ಹೆಸರಿಡಲಿ? ಅನುಭವ ಇದ್ದವರು ಹೇಳಿ

ಹುಬ್ಬಳ್ಳಿಯ ಹೊಸ ತಾಯಿ:
ಮಗಳು ಹುಟ್ಟಿ ಹದಿನೆಂಟು ದಿನ ಆಯ್ತು. ಮಘಾ ನಕ್ಷತ್ರ, ಎರಡನೇ ಪಾದ, ‘ಮೀ’ ಬರುತ್ತೆ ಅಂದಿದ್ದಾರೆ. ‘ಮ’ದಿಂದ ಯಾವುದಾದರೂ ನಡೆಯುತ್ತೆ ಅಂತ ಮನೆಯಲ್ಲಿ ಒಪ್ಪಿದ್ದಾರೆ. ಮೀರಾ, ಮೈತ್ರಿ, ಮೈರಾ, ಮಿಶಿಕಾ ಅಂತ ಪಟ್ಟಿ ಮಾಡಿದ್ದೇವೆ. ಅರ್ಥ, ಮೂಲ ಸರಿಯಾಗಿ ಗೊತ್ತಿದ್ದವರು ಹೇಳಿ. ಭಾನುವಾರ ತೊಟ್ಟಿಲು.

ರಾಣೆಬೆನ್ನೂರಿನ ಅಪ್ಪ:
ನಮ್ಮದು ಗಂಡು ಮಗು. ಮಾಲತೇಶ ಅಂತ ಇಟ್ಟೆವು. ದೇವರಗುಡ್ಡದ ಮಾಲತೇಶ ನಮ್ಮ ಮನೆದೇವರು, ಮೈಲಾರಲಿಂಗನದೇ ಇನ್ನೊಂದು ಹೆಸರು. ನಮ್ಮ ಓಣಿಯಲ್ಲಿ ಆ ಹೆಸರು ಕೂಗಿದರೆ ಮೂರು ಮನೆಯಿಂದ ‘ಓ’ ಅಂತಾರೆ. ಆದರೆ ಹೆಂಡತಿಯ ತವರಿನವರು ಬೆಂಗಳೂರಲ್ಲಿದ್ದಾರೆ. ‘ಇದೇನು ಹಳೇ ಹೆಸರು’ ಅಂತ ಮುನಿಸಿಕೊಂಡು ತೊಟ್ಟಿಲಿಗೇ ಬರಲಿಲ್ಲ. ಇನ್ನೂರು ಜನಕ್ಕೆ ಗೋಧಿ ಹುಗ್ಗಿ ಮಾಡಿಸಿದ್ದೆ. ಶಾಮಿಯಾನಕ್ಕೆ 6,500, ಅಡುಗೆಯವರಿಗೆ 9,000. ಅರ್ಧ ಹುಗ್ಗಿ ಉಳಿಯಿತು, ರಾತ್ರಿ ಮನೆಮನೆಗೆ ಕೊಟ್ಟು ಬಂದೆ. ಈಗ ಅವನಿಗೆ ಆರು ವರ್ಷ. ಶಾಲೆಯಲ್ಲಿ ‘ಮ್ಯಾಲ್’ ಅಂತ ಕರೆಯುತ್ತಿದ್ದರು. ನಾನೇ ಹೋಗಿ, ಪೂರ್ತಿ ಹೆಸರು ಕರೆಯಿರಿ ಅಂತ ಹೇಳಿ ಬಂದೆ.
ಹೋದ ದಸರೆಗೆ ಹೆಗಲ ಮೇಲೆ ಕೂರಿಸಿಕೊಂಡು ಕಾರ್ಣಿಕಕ್ಕೆ, ಅಂದರೆ ಗೊರವಯ್ಯ ಹೇಳುವ ದೇವರ ಭವಿಷ್ಯವಾಣಿ ಕೇಳೋದಕ್ಕೆ, ಕರೆದುಕೊಂಡು ಹೋಗಿದ್ದೆ. ಜನ ‘ಮಾಲತೇಶಾ’ ಅಂತ ಕೂಗುತ್ತಿದ್ದರೆ ಇವನು ನನ್ನ ಕಿವಿ ಹಿಡಿದು, ‘ಅಪ್ಪಾ, ನನ್ನ ಯಾಕೆ ಕರೀತಾರೆ?’ ಅಂದ. ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ (ಸದ್ದು ಮಾಡಬೇಡಿ) ಅಂದ ಮೇಲೂ ಅದನ್ನೇ ಕೇಳುತ್ತಿದ್ದ. ಇಂಥ ಹೆಸರು ನೆಟ್‌ನಲ್ಲಿ ಹುಡುಕಿದರೆ ಸಿಗೋದಿಲ್ಲ.

ಧಾರವಾಡದ ತಾಯಿ:
ಮೈರಾ ಬಗ್ಗೆ ನನ್ನನ್ನು ಕೇಳಿ. ಮೊಬೈಲ್‌ನಲ್ಲಿ ‘ಸಂಸ್ಕೃತ, ಅರ್ಥ ಪ್ರಿಯೆ’ ಅಂತ ಇತ್ತು. ನಂಬಿ ಇಟ್ಟೆವು. ಎರಡು ವರ್ಷ ಆದಮೇಲೆ ಗೊತ್ತಾಯ್ತು, ಅದು 17ನೇ ಶತಮಾನದ ಫುಲ್ಕ್ ಗ್ರೆವಿಲ್ ಅನ್ನೋ ಇಂಗ್ಲಿಷ್ ಕವಿ ತನ್ನ ಪದ್ಯಗಳಿಗೆ ಕಟ್ಟಿದ ಹೆಸರು. ಸಂಸ್ಕೃತಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇಂಗ್ಲಿಷ್ ಹೆಸರು ಅಂತ ನನಗೆ ಬೇಜಾರಿಲ್ಲ. ಸುಳ್ಳು ಅರ್ಥ ಹೇಳಿದರಲ್ಲ, ಅದು ತಡೆಯಲಿಲ್ಲ. ಮಾವನವರಿಗೆ ನಾನೇ ಆ ಅರ್ಥ ಹೇಳಿದ್ದೆ, ಅವರು ಊರೆಲ್ಲ ಹೇಳಿಕೊಂಡು ಬಂದಿದ್ದರು.
ಬದಲಾಯಿಸಿ ಮೈತ್ರಿ ಅಂತ ಮಾಡಿದೆವು. ಅಫಿಡವಿಟ್, ನೋಟರಿ 300. ಎರಡು ಪೇಪರ್‌ನಲ್ಲಿ ಜಾಹೀರಾತು 2,600. ಟೈಪಿಂಗ್, ಜೆರಾಕ್ಸ್ 150. ಗೆಜೆಟ್ ಕೆಲಸಕ್ಕೆ ಹಿಡಿದ ಏಜೆಂಟ್‌ಗೆ 4,000. ಒಟ್ಟು 7,050. ಇಷ್ಟಾದ ಮೇಲೆ ಆಧಾರ್‌ನಲ್ಲಿ ಇಂಗ್ಲಿಷಿನ ಒಂದು ಅಕ್ಷರ ತಪ್ಪಿ ಬಂತು, ಮತ್ತೆ ಸಾಲಿನಲ್ಲಿ ನಿಂತೆ. ಜನನ ನೋಂದಣಿ 21 ದಿನದೊಳಗೆ ಮಾಡಿಸಿ, ಹೆಸರಿನ ಜಾಗ ಖಾಲಿ ಬಿಡಿ. ಹೆಸರು ಸೇರಿಸಲು 12 ತಿಂಗಳು ಶುಲ್ಕವಿಲ್ಲ. ನಾವು ಮೂರನೇ ವಾರಕ್ಕೇ ಬರೆಸಿ ಕೆಟ್ಟೆವು.

ರಾಣೆಬೆನ್ನೂರಿನ ಅಪ್ಪ:
ಅಕ್ಕಾರೆ, ಮನೆಯ ಹಿರಿಯರನ್ನು ಕೇಳಿದ್ದರೆ 7,050 ಉಳಿಯುತ್ತಿತ್ತು.

ಧಾರವಾಡದ ತಾಯಿ:
ನಿಮ್ಮ ಹುಗ್ಗಿ ಉಳಿದದ್ದಕ್ಕೆ ನಾನೇನಾದರೂ ಅಂದೆನಾ ಅಣ್ಣಾರೆ? ಮಗಳನ್ನು ಎತ್ತಿಕೊಂಡು ಮೂರು ಸಲ ಆಫೀಸಿಗೆ ಅಲೆದವಳು ನಾನು. ಹಿರಿಯರನ್ನೂ ಕೇಳಿದ್ದೆ. ‘ನಿಮಗೆ ತಿಳಿದದ್ದು ಇಡಿ’ ಅಂದಿದ್ದರು.

ಗದಗದ ನಿವೃತ್ತ ಶಿಕ್ಷಕಿ:
ಇಬ್ಬರೂ ಸುಮ್ಮನಿರಿ. ನನ್ನ ಹೆಸರು ಮಲ್ಲಮ್ಮ. ಶ್ರೀಶೈಲದ ಮಲ್ಲಯ್ಯನ ಹೆಸರು, ಹೇಮರೆಡ್ಡಿ ಮಲ್ಲಮ್ಮನ ಹೆಸರು. ಮೊಮ್ಮಗಳಿಗೂ ಅದನ್ನೇ ಇಡಿ ಅಂತ ಬೇಡಿಕೊಂಡೆ. ಮಗಳು ಮಿಹಿರಾ ಅಂತ ಇಟ್ಟಳು. ಒಂದು ವಾರ ನಾನು ಆ ಹೆಸರು ಹಿಡಿದು ಕರೆಯಲಿಲ್ಲ. ‘ಕೂಸೇ’ ಅನ್ನುತ್ತಿದ್ದೆ. ಆಮೇಲೆ ನಿಘಂಟು ತೆಗೆದೆ. ಮಿಹಿರ ಅಂದರೆ ಸೂರ್ಯ, ವರಾಹಮಿಹಿರನ ಹೆಸರಲ್ಲೂ ಇದೆ. ಇರಾನಿನ ‘ಮಿಹ್ರ್’ ಸಂಸ್ಕೃತಕ್ಕೆ ಬಂದು ಹಾಗಾಗಿದೆ. ನಮ್ಮ ‘ಮಿತ್ರ’ನೂ ಅದೇ ಬೇರಿನದು, ಮಿತ್ರನಿಂದಲೇ ಮೈತ್ರಿ. ಧಾರವಾಡದವರ ಮಗಳೂ ನನ್ನ ಮೊಮ್ಮಗಳೂ ಹೆಸರಿನಲ್ಲಿ ಅಕ್ಕ ತಂಗಿ.
ಮಿಶಿಕಾಗೆ ‘ದೇವರ ಪ್ರೀತಿ’ ಅಂತ ಬರೆಯುತ್ತಾರೆ, ಆಧಾರ ಇಲ್ಲ. ಅದನ್ನು ಕೇಳಿದರೆ ನನಗೆ ಮೂಷಿಕ ನೆನಪಾಗುತ್ತೆ. ಹಾಗಂದರೆ ಇಲಿ. ‘ಮೀ’ ಬೇಕಾದರೆ ಮೀನಾಕ್ಷಿ ಇದೆಯಲ್ಲ. ಮೀನಿನಂಥ ಕಣ್ಣಿನವಳು. ಮೀನು ದ್ರಾವಿಡ ಮಾತು, ಸಂಸ್ಕೃತವೇ ನಮ್ಮ ಕಡೆಯಿಂದ ಸಾಲ ತಗೊಂಡಿದೆ. ಇಂಥ ಹೆಸರು ಬಿಟ್ಟು ಎಲ್ಲೆಲ್ಲೋ ಹುಡುಕುತ್ತೀರಿ.

ಹಾವೇರಿಯ ಅಪ್ಪ:
ನಿಮಗೆ ‘ಮೀ’ ಬಂದದ್ದೇ ಪುಣ್ಯ. ನನ್ನ ಮಗನದು ಹಸ್ತಾ ಮೂರನೇ ಪಾದ. ಅಕ್ಷರ ‘ಣ’. 27 ನಕ್ಷತ್ರಕ್ಕೆ ನಾಲ್ಕು ಪಾದದಂತೆ 108 ಅಕ್ಷರ, ಅದರಲ್ಲಿ ನಮಗೆ ಬಂದದ್ದು ಅದು. ‘ಣ’ದಿಂದ ಶುರುವಾಗುವ ಹೆಸರು ಯಾರ ಮನೆಯಲ್ಲಿದೆ? ಮೊದಲನೇ ಜೋಯಿಸರಿಗೆ 251 ಕೊಟ್ಟೆ, ‘ನ’ ಹಿಡಿಯಿರಿ ಅಂದರು. ಎರಡನೆಯವರಿಗೆ 501, ಅವರು ‘ಹಾಗೆ ಮಾಡಿದರೆ ಅನೂರಾಧಾ ನಕ್ಷತ್ರದ ಅಕ್ಷರ ಆಗುತ್ತೆ, ಹಸ್ತಾದ್ದೇ ಮೊದಲನೇ ಪಾದದ ಪೂ ಇಡಿ’ ಅಂದರು. ಕೊನೆಗೆ ಪೂರ್ಣಾನಂದ ಅಂತ ಇಟ್ಟೆವು. ನನ್ನ ತಂಗಿ ಮಾತ್ರ ತೊಟ್ಟಿಲಲ್ಲಿ ತನಗೆ ಬೇಕಾದ ಹೆಸರು ಕೂಗಿಬಿಟ್ಟಳು, ನವೀನ ಅಂತ! ಸೀರೆ ಅಂಚು ಸರಿ ಇಲ್ಲ ಅನ್ನೋ ಸಿಟ್ಟಿಗೆ. 2,200ರ ಇಳಕಲ್ ಸೀರೆ ಅದು.

ಗದಗದ ನಿವೃತ್ತ ಶಿಕ್ಷಕಿ:
ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳೋದು ಸೋದರತ್ತೆಯ ಹಕ್ಕು. ಬೆನ್ನಿಗೆ ಗುದ್ದು ತಿನ್ನೋದೂ ಅವಳೇ. ಅವಳನ್ನು ಒಂದು ಮಾತು ಕೇಳಿದ್ದಿರಾ?

ಹಾವೇರಿಯ ಅಪ್ಪ:
ಹಕ್ಕು ಇದೆ ಟೀಚರ್, ಆದರೆ ಚೀಟಿಯಲ್ಲಿ ಬರೆದುಕೊಟ್ಟ ಹೆಸರನ್ನು ಓದಬೇಕು ಅಲ್ವಾ? ಈಗ ಅರ್ಧ ಬೀಗರು ನವೀನ ಅಂತಾರೆ, ಅರ್ಧ ಜನ ಪೂರ್ಣಿ ಅಂತಾರೆ. ಮಗು ಎರಡಕ್ಕೂ ತಿರುಗಿ ನೋಡೋದಿಲ್ಲ.

ಧಾರವಾಡದ ತಾಯಿ:
ನಾನೂ ಒಬ್ಬ ಸೋದರತ್ತೆ. ಅಣ್ಣನ ಮಗನಿಗೆ ಹೆಸರು ಕೂಗಲು ಎಂಟು ತಿಂಗಳ ಹೊಟ್ಟೆ ಹೊತ್ತು ಬಸ್ಸಿನಲ್ಲಿ ಶಿಗ್ಗಾವಿಗೆ ಹೋಗಿದ್ದೆ. ನನ್ನ ಕೈಗೆ ಚೀಟಿ ಕೊಟ್ಟಿದ್ದು ತೊಟ್ಟಿಲ ಮುಂದೆ ನಿಂತ ಮೇಲೆ. ನಾನು ಸೀರೆ ಕೇಳಲಿಲ್ಲ ಅಣ್ಣಾರೆ. ನಿಮ್ಮ ತಂಗಿಯೂ ಕೇಳಿರಲಿಕ್ಕಿಲ್ಲ.

ಹುಬ್ಬಳ್ಳಿಯ ಹೊಸ ತಾಯಿ:
ಮೈರಾ, ಮಿಶಿಕಾ ಎರಡನ್ನೂ ಪಟ್ಟಿಯಿಂದ ಹೊಡೆದು ಹಾಕಿದೆ. ಈಗ ನಾದಿನಿಗೆ ಫೋನ್ ಹಚ್ಚುತ್ತಿದ್ದೇನೆ, ಮೀನಾಕ್ಷಿ ಅವಳಿಗೆ ಒಪ್ಪಿಗೆಯಾ ಅಂತ ಕೇಳೋದಕ್ಕೆ.